ಸ್ವತಂತ್ರ ತಂತ್ರಾಂಶಗಳ ಹೆಸರು ಎಲ್ಲೆಲ್ಲಿ ದಾರಿ ತಪ್ಪಿಸುತ್ತದೆ? ಕನ್ನಡ ಪದಪಟ್ಟಿಗೆ ತಿದ್ದುಪಡಿ ಬೇಕು

ಪದಪಟ್ಟಿ:
ಶಾಲೆ-ಕಾಲೇಜುಗಳ ಲ್ಯಾಬ್‌ಗೆ ಗ್ನೂ/ಲಿನಕ್ಸ್ ಹಾಕಿಕೊಡುವವರಿಗಾಗಿ ಒಂದು ಕನ್ನಡ ಪದಪಟ್ಟಿ ಸಿದ್ಧವಾಗುತ್ತಿದೆ. ಪ್ರತಿ ತಂತ್ರಾಂಶಕ್ಕೂ ಮೂರು ಕಾಲಂ: ಹೆಸರು, ಆ ಹೆಸರು ಕೇಳಿದವರಿಗೆ ಏನನ್ನಿಸುತ್ತದೆ, ನಿಜಕ್ಕೂ ಅದು ಏನು. ಇಲ್ಲಿಯವರೆಗೆ ಬರೆದದ್ದರಲ್ಲಿ ಕೆಲವು:

ಗ್ನೂ – "ಗ್ನೂ ಈಸ್ ನಾಟ್ ಯುನಿಕ್ಸ್". ಬಿಡಿಸಿದರೆ ಒಳಗೆ ಅದೇ ಹೆಸರು ಮತ್ತೆ ಸಿಗುವ ಸಂಕ್ಷೇಪ. ರಿಚರ್ಡ್ ಸ್ಟಾಲ್ಮನ್ 1983ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದ್ದು.
ವೈನ್ – "ವೈನ್ ಈಸ್ ನಾಟ್ ಆ್ಯನ್ ಎಮ್ಯುಲೇಟರ್". ವಾಸ್ತವದಲ್ಲಿ ವಿಂಡೋಸ್ ಎಮ್ಯುಲೇಟರ್.
ಲೇಮ್ – "ಲೇಮ್ ಏಂಟ್ ಆ್ಯನ್ ಎಂಪಿ3 ಎನ್‌ಕೋಡರ್". ಆದ್ದರಿಂದ ಎನ್‌ಕೋಡರ್ ಅಲ್ಲ.
ಅಪಾಚಿ – ತೇಪೆ ಹಾಕಿದ ಸರ್ವರ್, "ಎ ಪ್ಯಾಚಿ ಸರ್ವರ್".
ಫೈರ್‌ಫಾಕ್ಸ್ – ಬೆಂಕಿ ನರಿ.
ಮಾರಿಯಾಡಿಬಿ – ಮೈಎಸ್‌ಕ್ಯೂಎಲ್‌ಗೆ ಇನ್ನೊಂದು ಹೆಸರು.
ಎಲ್‌ಎಲ್‌ವಿಎಂ – ಕೆಳಮಟ್ಟದ ವರ್ಚುವಲ್ ಮಷೀನ್.

ಮೊದಲ ಪುಟದಲ್ಲಿ "ಫ್ರೀ ಸಾಫ್ಟ್‌ವೇರ್ ಎಂದರೆ ಉಚಿತ ತಂತ್ರಾಂಶ" ಎಂದಿದೆ. ಅದು ಸರಿಯೇ? ತಪ್ಪಿದ್ದ ಕಡೆ ತಿದ್ದಿ, ಕಾರಣವನ್ನೂ ಬರೆಯಿರಿ.

ಓಲೆಗರಿ:
ಮೊದಲ ಪುಟದಿಂದಲೇ ಶುರುಮಾಡೋಣ. "ಉಚಿತ" ಬೇಡ. ಇಂಗ್ಲಿಷಿನ "ಫ್ರೀ"ಗೆ ಬಿಡುಗಡೆ ಎಂಬ ಅರ್ಥವೂ ಇದೆ, ಪುಕ್ಕಟೆ ಎಂಬ ಅರ್ಥವೂ ಇದೆ. ಆ ಗೊಂದಲ ಬೇಡವೆಂದು 1998ರ ಫೆಬ್ರುವರಿಯಲ್ಲಿ ಕ್ರಿಸ್ಟೀನ್ ಪೀಟರ್ಸನ್ "ಓಪನ್ ಸೋರ್ಸ್" ಎಂಬ ಪದ ಸೂಚಿಸಿದರು. ಅದರಿಂದ ಬೇರೆ ಗೊಂದಲ ಹುಟ್ಟಿತು: ಸೋರ್ಸ್ ಕೋಡ್ (ತಂತ್ರಾಂಶವನ್ನು ಬರೆದ ಮೂಲ ಪಠ್ಯ) ಕಣ್ಣಿಗೆ ಕಂಡರೆ ಸಾಕು ಎಂದು ಜನ ತಿಳಿದರು. ನೋಡಲು ಬಿಟ್ಟು, ತಿದ್ದಲು ಅಥವಾ ಹಂಚಲು ಬಿಡದ ಲೈಸೆನ್ಸ್ ಓಪನ್ ಸೋರ್ಸ್ ಆಗುವುದಿಲ್ಲ.

ನಮ್ಮಲ್ಲಿ ಎರಡಕ್ಕೂ ಬೇರೆ ಬೇರೆ ಪದಗಳಿರುವಾಗ ಇಂಗ್ಲಿಷಿನ ತೊಡಕನ್ನು ಹೊತ್ತು ತರುವುದೇಕೆ? ಫ್ರೀ ಸಾಫ್ಟ್‌ವೇರ್‌ಗೆ "ಸ್ವತಂತ್ರ ತಂತ್ರಾಂಶ", ಓಪನ್ ಸೋರ್ಸ್‌ಗೆ "ಮುಕ್ತ ಆಕರ", ಬರೀ ಪುಕ್ಕಟೆ ಸಿಗುವುದಕ್ಕೆ "ಉಚಿತ". ಜಿಪಿಎಲ್ (ಗ್ನೂ ಯೋಜನೆಯ ಸ್ವತಂತ್ರ ಲೈಸೆನ್ಸ್) ಇರುವ ತಂತ್ರಾಂಶವನ್ನು ದುಡ್ಡಿಗೆ ಮಾರಬಹುದು. ಪುಕ್ಕಟೆ ಇಳಿಸಿಕೊಳ್ಳುವ ಎಷ್ಟೋ ಕನ್ನಡ ಟೈಪಿಂಗ್ ತಂತ್ರಾಂಶಗಳ ಸೋರ್ಸ್ ಸಿಗುವುದಿಲ್ಲ. "ಉಚಿತ" ಎಂದು ಬರೆದರೆ ಮೊದಲನೆಯದು ಪಟ್ಟಿಯಿಂದ ಹೊರಗೆ ಹೋಗುತ್ತದೆ, ಎರಡನೆಯದು ಒಳಗೆ ಬರುತ್ತದೆ. ಅಂದಹಾಗೆ "ಉಚಿತ"ದ ಹಳೆಯ ಅರ್ಥ ತಕ್ಕದ್ದು, ಒಪ್ಪುವಂಥದ್ದು. "ಔಚಿತ್ಯ" ಬಂದದ್ದು ಅಲ್ಲಿಂದಲೇ.

ಕಂಪೈಲರ್ ಕಟ್ಟೆ:
ಪದಪಟ್ಟಿ ಅವರೇ, ನಾಲ್ಕು ನಮೂದು ತಿದ್ದಬೇಕು.

ಲೇಮ್ ಈಗ ಪೂರ್ತಿ ಎಂಪಿ3 ಎನ್‌ಕೋಡರ್. 1998ರಲ್ಲಿ ಶುರುವಾದಾಗ ಅದು ಐಎಸ್‌ಒ ಮಾದರಿ ಕೋಡಿಗೆ ಹಾಕುವ ಪ್ಯಾಚ್ (ಬೇರೆ ಕೋಡಿನ ಮೇಲೆ ಹಾಕುವ ತಿದ್ದುಪಡಿ) ಮಾತ್ರ. ಪ್ಯಾಚ್ ಒಂದನ್ನೇ ಇಟ್ಟುಕೊಂಡು ಎಂಪಿ3 ಮಾಡಲಾಗುತ್ತಿರಲಿಲ್ಲ, ಹಾಗಾಗಿ ಆಗ ಹೆಸರು ಹೇಳಿದ್ದು ನಿಜ. 2000ದ ಹೊತ್ತಿಗೆ ಐಎಸ್‌ಒ ಕೋಡಿನ ಕೊನೆಯ ತುಣುಕನ್ನೂ ಬದಲಿಸಿ ಆಗಿತ್ತು. ಹೆಸರು ಮಾತ್ರ ಉಳಿಯಿತು.

ವೈನ್ ವಿಷಯ ಇದಕ್ಕೆ ತದ್ವಿರುದ್ಧ. ಅಲ್ಲಿ ಹೆಸರು ಈಗಲೂ ನಿಜ. ವಿಂಡೋಸ್ ಪ್ರೋಗ್ರಾಂ ಕೇಳುವ ಎಪಿಐ ಕರೆಗಳಿಗೆ (ವಿಂಡೋಸ್‌ನಿಂದ ಬೇಕಾದ ಸೇವೆಗಳಿಗೆ) ಲಿನಕ್ಸ್ ಮೇಲೆ ತಾನೇ ಉತ್ತರ ಕೊಡುತ್ತದೆ, ಪ್ರೊಸೆಸರನ್ನು ಅನುಕರಿಸುವುದಿಲ್ಲ. ಇದು ಬರೀ ಪದಗಳ ಜಗಳವಲ್ಲ. ಲ್ಯಾಬಿನಲ್ಲಿ ರಾಸ್ಪ್‌ಬೆರಿ ಪೈ ಥರದ ಆರ್ಮ್ ಪ್ರೊಸೆಸರಿನ ಯಂತ್ರ ಇದ್ದು, "ಎಮ್ಯುಲೇಟರ್ ತಾನೇ" ಎಂದು ವೈನ್ ಹಾಕಿದರೆ, ಇಂಟೆಲ್‌ಗಾಗಿ ಮಾಡಿದ ವಿಂಡೋಸ್ ಪ್ರೋಗ್ರಾಂ ಓಡುವುದಿಲ್ಲ. ಜೊತೆಗೆ ಬಾಕ್ಸ್64 ಅಥವಾ ಕ್ಯೂಎಮ್ಯು ಬೇಕು. ಎಮ್ಯುಲೇಷನ್ ಕೆಲಸ ಅವುಗಳದ್ದು.

ಎಲ್‌ಎಲ್‌ವಿಎಂ ವರ್ಚುವಲ್ ಮಷೀನ್ ಅಲ್ಲ. ಕಂಪೈಲರ್ ಕಟ್ಟಲು ಬೇಕಾಗುವ ಲೈಬ್ರರಿಗಳ ಸಮೂಹ. ಈಗ ಆ ಅಕ್ಷರಗಳಿಗೆ ವಿಸ್ತಾರವಿಲ್ಲ ಎಂದು ಯೋಜನೆಯವರೇ ಹೇಳಿದ್ದಾರೆ. ಗ್ನೋಮ್ ಡೆಸ್ಕ್‌ಟಾಪ್ ಹೆಸರಿನ "ನೆಟ್‌ವರ್ಕ್ ಆಬ್ಜೆಕ್ಟ್ ಮಾಡೆಲ್" ಎಂಬ ವಿಸ್ತಾರವೂ ಹೋಗಿದೆ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹೆಸರಿನಲ್ಲಿದ್ದ ಎಕ್ಸ್‌ಫಾರ್ಮ್ಸ್ ಲೈಬ್ರರಿಯನ್ನು ಆ ಯೋಜನೆ ಬಿಟ್ಟು ಎಷ್ಟೋ ಕಾಲವಾಯಿತು. ವಿಎಲ್‌ಸಿಯ ಕೊನೆಯ ಅಕ್ಷರ "ಕ್ಲೈಂಟ್". ಪ್ಯಾರಿಸ್‌ನ ಎಕೋಲ್ ಸೆಂಟ್ರಲ್ ವಿದ್ಯಾರ್ಥಿಗಳು ಕಟ್ಟಿದ ವಿಡಿಯೋಲ್ಯಾನ್‌ನಲ್ಲಿ ಸರ್ವರ್ ಬೇರೆ, ಕ್ಲೈಂಟ್ ಬೇರೆ ಇದ್ದಾಗಿನ ಹೆಸರು. ಈಗ ಎರಡೂ ಕೆಲಸವನ್ನು ಒಂದೇ ಪ್ರೋಗ್ರಾಂ ಮಾಡುತ್ತದೆ. ಇಂಥ ಸತ್ತ ವಿಸ್ತಾರಗಳನ್ನು ಪದಪಟ್ಟಿಗೆ ಹಾಕಬೇಡಿ. ಮಕ್ಕಳು ಅದನ್ನೇ ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ.

ಅಪಾಚಿ: 1995ರಲ್ಲಿ ಎನ್‌ಸಿಎಸ್‌ಎ ವೆಬ್ ಸರ್ವರ್‌ಗೆ ಪ್ಯಾಚ್‌ಗಳನ್ನು ಸೇರಿಸುತ್ತ ಬೆಳೆದದ್ದು ನಿಜ. ಆದರೆ ಹೆಸರು ಇಟ್ಟದ್ದು ಅಮೆರಿಕದ ಅಪಾಚಿ ಮೂಲನಿವಾಸಿಗಳ ಮೇಲಿನ ಗೌರವದಿಂದ, "ಪ್ಯಾಚಿ" ಶ್ಲೇಷೆ ಆಮೇಲಿನದು ಎನ್ನುತ್ತದೆ ಅಪಾಚಿ ಪ್ರತಿಷ್ಠಾನ. ಆ ಸಮುದಾಯಗಳ ಹೆಸರನ್ನು ಹೀಗೆ ಬಳಸುವುದು ನಿಲ್ಲಲಿ ಎಂದು 2023ರ ಜನವರಿಯಲ್ಲಿ ನೇಟಿವ್ಸ್ ಇನ್ ಟೆಕ್ ಎಂಬ ಗುಂಪು ಬಹಿರಂಗವಾಗಿ ಕೇಳಿತು. ಎರಡನ್ನೂ ಬರೆಯಿರಿ.

ದತ್ತಕೋಠಿ:
"ಮಾರಿಯಾಡಿಬಿ – ಮೈಎಸ್‌ಕ್ಯೂಎಲ್‌ಗೆ ಇನ್ನೊಂದು ಹೆಸರು" ಎಂಬ ಸಾಲು ಹಾಗೇ ಅಚ್ಚಾದರೆ ಯಾರದಾದರೂ ಡೇಟಾಬೇಸ್ ಹಾಳಾಗುತ್ತದೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೈಎಸ್‌ಕ್ಯೂಎಲ್ ಡೇಟಾಬೇಸ್ ಕಟ್ಟಿದ ಮಾಂಟಿ ವಿಡೇನಿಯಸ್ ಮಕ್ಕಳ ಹೆಸರು ಮೈ, ಮ್ಯಾಕ್ಸ್, ಮಾರಿಯಾ. ಮೈಎಸ್‌ಕ್ಯೂಎಲ್‌ನ "ಮೈ" ಅವರ ಹಿರಿಯ ಮಗಳು; "ನನ್ನ" ಎಂಬ ಅರ್ಥವಲ್ಲ. ಮೈಎಸ್‌ಕ್ಯೂಎಲ್‌ನ ಒಡೆತನವಿದ್ದ ಸನ್ ಕಂಪನಿಯನ್ನು ಒರಾಕಲ್ ಕೊಳ್ಳಲು ಹೊರಟಾಗ, 2009ರಲ್ಲಿ, ಕಿರಿಯ ಮಗಳ ಹೆಸರಿನಲ್ಲಿ ಕವಲು (ಅದೇ ಕೋಡಿನಿಂದ ಬೇರೆಯಾಗಿ ಹೊರಟ ಯೋಜನೆ) ಒಡೆಯಿತು. 5.5ರವರೆಗೆ ಎರಡೂ ಜೊತೆಜೊತೆಯಾಗಿ ಸಾಗಿ, ಆಮೇಲೆ ಮಾರಿಯಾಡಿಬಿ ನೇರ 10.0ಕ್ಕೆ ಹಾರಿತು. ಅಲ್ಲಿಂದ ದಾರಿ ಬೇರೆ.

ಡೆಬಿಯನ್ ಎಂಬ ಗ್ನೂ/ಲಿನಕ್ಸ್ ವಿತರಣೆಯಲ್ಲಿ, ಅದರ 9ನೇ ಆವೃತ್ತಿಯಿಂದ, ಅಂದರೆ 2017ರಿಂದ, "ಡೀಫಾಲ್ಟ್-ಮೈಎಸ್‌ಕ್ಯೂಎಲ್-ಸರ್ವರ್" ಎಂಬ ಪ್ಯಾಕೇಜ್ ಹಾಕಿದರೆ ಬರುವುದು ಮಾರಿಯಾಡಿಬಿ. "ಮೈಎಸ್‌ಕ್ಯೂಎಲ್" ಆದೇಶ ಕೊಟ್ಟರೆ ಓಡುವುದೂ ಮಾರಿಯಾಡಿಬಿ ಕ್ಲೈಂಟ್. ಯಾವುದು ಓಡುತ್ತಿದೆ ಎಂದು ತಿಳಿಯಲು ಒಳಗೆ ಹೋಗಿ "ಸೆಲೆಕ್ಟ್ ವರ್ಷನ್" ಕೇಳಿ. ಮಾರಿಯಾಡಿಬಿ ಆದರೆ ಉತ್ತರದಲ್ಲೇ ಆ ಹೆಸರು ಇರುತ್ತದೆ. ಹೊರಗಿನ ಕೆಲವು ಉಪಕರಣಗಳು 10ರ ಸರಣಿಯ ಸರ್ವರನ್ನು "5.5.5" ಎಂದು ತೋರಿಸುತ್ತವೆ. ಡೇಟಾಬೇಸ್ ನಕಲಿಸಿಕೊಳ್ಳುವ ಹಳೆಯ ರೆಪ್ಲಿಕೇಷನ್ ಕ್ಲೈಂಟುಗಳು ಒಪ್ಪಲಿ ಎಂದು ಆವೃತ್ತಿಯ ಮುಂದೆ ಆ ಸಂಖ್ಯೆಯನ್ನು ಅಂಟಿಸಿ ಕಳಿಸುತ್ತಾರೆ. ಅದನ್ನು ನಂಬಬೇಡಿ.

ಒಡೆಯುವ ಜಾಗ: ಮೈಎಸ್‌ಕ್ಯೂಎಲ್ 8ರಿಂದ ತೆಗೆದ ಡಂಪನ್ನು (ಡೇಟಾಬೇಸಿನ ಪಠ್ಯರೂಪದ ಪ್ರತಿಯನ್ನು) ಡೆಬಿಯನ್ 12ರ ಮಾರಿಯಾಡಿಬಿ 10.11ಕ್ಕೆ ತುಂಬಿದರೆ 1273 ಎಂಬ ದೋಷ ಬಂದು ನಿಲ್ಲುತ್ತದೆ. ಕಾರಣ, 8ರಲ್ಲಿ ತಾನಾಗಿ ಬರುವ ಕೊಲೇಷನ್ (ಅಕ್ಷರಗಳನ್ನು ಹೋಲಿಸಿ ಜೋಡಿಸುವ ನಿಯಮ) "ಯೂಟಿಎಫ್8ಎಂಬಿ4_0900_ಎಐ_ಸಿಐ" ಅಲ್ಲಿ ಇಲ್ಲ. ಡಂಪಿನ ಪ್ರತಿಯೊಂದನ್ನು ಮಾಡಿಕೊಂಡು, ಸೆಡ್ ಎಂಬ ಪಠ್ಯ ಬದಲಿಸುವ ಆದೇಶ ಬಳಸಿ ಆ ಕೊಲೇಷನ್ ಹೆಸರನ್ನು "ಯೂಟಿಎಫ್8ಎಂಬಿ4_ಯೂನಿಕೋಡ್_ಸಿಐ" ಎಂದು ಬದಲಿಸಿ ಮತ್ತೆ ತುಂಬಿ. ಮೂಲ ಡಂಪ್ ಮುಟ್ಟಬೇಡಿ. ಮೈಎಸ್‌ಕ್ಯೂಎಲ್‌ನ ಡೇಟಾ ಡೈರೆಕ್ಟರಿಯನ್ನೇ ಎತ್ತಿ ಮಾರಿಯಾಡಿಬಿಗೆ ಕೊಡುವುದಂತೂ 8ರಿಂದ ಈಚೆಗೆ ಆಗದ ಮಾತು.

ಇದಕ್ಕಿಂತ ಮೋಸದ ಹೆಸರು ಇನ್ನೊಂದಿದೆ. ಮೈಎಸ್‌ಕ್ಯೂಎಲ್‌ನಲ್ಲಿ "ಯೂಟಿಎಫ್8" ಎಂದು ಹೇಳಿದರೆ ಸಿಗುತ್ತಿದ್ದದ್ದು ಪೂರ್ತಿ ಯೂಟಿಎಫ್-8 ಅಲ್ಲ. ಅಕ್ಷರಕ್ಕೆ ಹೆಚ್ಚೆಂದರೆ 3 ಬೈಟ್. ಪೂರ್ತಿಯಾದದ್ದು 5.5.3ರಲ್ಲಿ "ಯೂಟಿಎಫ್8ಎಂಬಿ4" ಎಂಬ ಹೆಸರಿನಲ್ಲಿ ಬಂತು. ಕನ್ನಡದವರಿಗೆ ಇದು ಬಹಳ ಕಾಲ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ನಮ್ಮ ಅಕ್ಷರಗಳೆಲ್ಲ ಸರಿಯಾಗಿ 3 ಬೈಟ್. ಒಂದು ಇಮೋಜಿ ಬಂದ ದಿನ 1366 ದೋಷ, ಅಥವಾ ಕಟ್ಟುನಿಟ್ಟಿನ ಮೋಡ್ ಆಫ್ ಮಾಡಿದ್ದರೆ ಅಲ್ಲಿಂದ ಮುಂದಿನ ಪಠ್ಯವೇ ಮಾಯ. 2024ರಲ್ಲಿ ಯೂನಿಕೋಡ್ 16ಕ್ಕೆ ಸೇರಿದ ತುಳು-ತಿಗಳಾರಿ ಲಿಪಿಯ ಅಕ್ಷರಗಳು 4 ಬೈಟಿನವು. ತುಳು ಹಸ್ತಪ್ರತಿಗಳ ಪಟ್ಟಿ ಮಾಡುವವರು ಟೇಬಲ್ ಕಟ್ಟುವ ಮೊದಲೇ ಎಂಬಿ4 ಎಂದು ಬರೆದಿರಬೇಕು.

ಪೊಟ್ಟಣ:
ದತ್ತಕೋಠಿ ಅವರು ಹೇಳಿದ್ದು ಒಪ್ಪಿದೆ. ಆದರೆ ಮೈಎಸ್‌ಕ್ಯೂಎಲ್ ಎಂಬ ಹೆಸರಿನಲ್ಲಿ ಮಾರಿಯಾಡಿಬಿ ಬರುವುದು ಯೋಜನೆ ಇಟ್ಟ ಹೆಸರಿನ ತಪ್ಪಲ್ಲ, ವಿತರಣೆಯ ನಿರ್ಧಾರ. ಪದಪಟ್ಟಿಯಲ್ಲಿ ಈ ಎರಡನ್ನು ಬೇರೆ ಮಾಡಬೇಕು. ಯೋಜನೆಯ ಹೆಸರು ಒಂದು, ಪ್ಯಾಕೇಜಿನ ಹೆಸರು ಒಂದು, ಟರ್ಮಿನಲ್‌ನಲ್ಲಿ ಒತ್ತುವ ಆದೇಶದ ಹೆಸರು ಇನ್ನೊಂದು.

ವಿತರಣೆಯಲ್ಲಿ ಒಂದೇ ಹೆಸರಿಗೆ ಇಬ್ಬರು ಬಂದರೆ ಮೊದಲು ಬಂದವರಿಗೆ ಜಾಗ. "ಗಿಟ್" ಎಂಬ ಹೆಸರು ಡೆಬಿಯನ್‌ನಲ್ಲಿ ಮೊದಲು ಗ್ನೂ ಇಂಟರಾಕ್ಟಿವ್ ಟೂಲ್ಸ್ ಎಂಬ ಫೈಲ್ ನೋಡುವ ಪ್ರೋಗ್ರಾಂನದು. ಲೀನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್, ಡೆಬಿಯನ್ 6 ಬರುವವರೆಗೂ "ಗಿಟ್-ಕೋರ್" ಎಂದೇ ಸಿಗುತ್ತಿತ್ತು. "ನೋಡ್" ಎಂಬ ಆದೇಶ ಆಗ ಹ್ಯಾಮ್ ರೇಡಿಯೋದವರ ಪ್ಯಾಕೆಟ್ ಪ್ರೋಗ್ರಾಂನದಾಗಿತ್ತು. ಹಾಗಾಗಿ ನೋಡ್‌ಜೆಎಸ್ ಹಾಕಿ "ನೋಡ್" ಒತ್ತಿದವರಿಗೆ ಅದು ಸಿಗುತ್ತಿರಲಿಲ್ಲ. 2012ರಲ್ಲಿ ಡೆಬಿಯನ್ ತಾಂತ್ರಿಕ ಸಮಿತಿಯವರೆಗೆ ಹೋಗಿ ಇತ್ಯರ್ಥವಾಯಿತು.

ಇವತ್ತಿಗೂ ಕಾಡುವ ಎರಡು: "ಬ್ಯಾಟ್" ಪ್ಯಾಕೇಜ್ ಹಾಕಿದರೆ ಆದೇಶದ ಹೆಸರು "ಬ್ಯಾಟ್‌ಕ್ಯಾಟ್", "ಎಫ್‌ಡಿ-ಫೈಂಡ್" ಹಾಕಿದರೆ ಆದೇಶ "ಎಫ್‌ಡಿಫೈಂಡ್". "ಬ್ಯಾಟ್", "ಎಫ್‌ಡಿ" ಎಂಬ ಚಿಕ್ಕ ಹೆಸರುಗಳೆರಡನ್ನೂ ಬೇರೆ ಪ್ರೋಗ್ರಾಂಗಳು ಮೊದಲೇ ಹಿಡಿದಿದ್ದವು. ಹೋಮ್ ಡೈರೆಕ್ಟರಿಯ ಡಾಟ್-ಲೋಕಲ್ ಒಳಗೆ ಬಿನ್ ಎಂಬ ಫೋಲ್ಡರ್ ಮಾಡಿ, ಅಲ್ಲಿ ಚಿಕ್ಕ ಹೆಸರಿನ ಸಿಮ್‌ಲಿಂಕ್ (ನಿಜವಾದ ಫೈಲಿನತ್ತ ತೋರುವ ಕೊಂಡಿ) ಇಡಿ. ಫೋಲ್ಡರ್ ಹೊಸದಾದರೆ ಒಮ್ಮೆ ಲಾಗ್ಔಟ್ ಆಗಿ ಒಳಗೆ ಬರಬೇಕು. ಲಾಗಿನ್ ಆಗುವಾಗ ಆ ಫೋಲ್ಡರ್ ಇದ್ದರೆ ಮಾತ್ರ ಡೆಬಿಯನ್‌ನ ಪ್ರೊಫೈಲ್ ಫೈಲು ಅದನ್ನು ಪಾತ್‌ಗೆ, ಅಂದರೆ ಆದೇಶಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿಗೆ, ಸೇರಿಸುತ್ತದೆ. ಇದು ಗೊತ್ತಿಲ್ಲದೆ "ಲಿಂಕ್ ಮಾಡಿದರೂ ಬರುತ್ತಿಲ್ಲ" ಎಂದು ಕೇಳುವವರು ಬಹಳ.

ಎಲ್ಲಕ್ಕಿಂತ ಕೆಟ್ಟದ್ದು ಆಡಿಯೋ-ವಿಡಿಯೋ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ಪ್ರಸಂಗ. 2011ರಲ್ಲಿ ತಂಡ ಒಡೆದು ಲಿಬ್‌ಎವಿ ಎಂಬ ಕವಲು ಬಂತು. ಆ ಹೆಸರೇ ತೊಡಕಿನದು, ಏಕೆಂದರೆ ಎಫ್‌ಎಫ್‌ಎಂಪೆಗ್‌ನ ಲೈಬ್ರರಿಗಳ ಹೆಸರೂ ಲಿಬ್‌ಎವಿಕೋಡೆಕ್, ಲಿಬ್‌ಎವಿಫಾರ್ಮ್ಯಾಟ್. ಡೆಬಿಯನ್, ಉಬುಂಟು ಎರಡೂ ಲಿಬ್‌ಎವಿ ಕಡೆ ಹೋದವು. ಬಳಕೆದಾರರು "ಎಫ್‌ಎಫ್‌ಎಂಪೆಗ್" ಒತ್ತಿದರೆ ಲಿಬ್‌ಎವಿಯ ಪ್ರತಿ ಓಡಿ, "ಈ ಪ್ರೋಗ್ರಾಂ ಇನ್ನು ಬಳಕೆಯಲ್ಲಿರುವುದಿಲ್ಲ, ಎವಿಕಾನ್ವ್ ಬಳಸಿ" ಎಂಬ ಅರ್ಥದ ಎಚ್ಚರಿಕೆ ಬರುತ್ತಿತ್ತು. ನಿಜವಾದ ಎಫ್‌ಎಫ್‌ಎಂಪೆಗ್ ಯೋಜನೆ ಬೇರೆ ಕಡೆ ಚೆನ್ನಾಗಿಯೇ ನಡೆಯುತ್ತಿತ್ತು. 2015ರಲ್ಲಿ ಎರಡೂ ವಿತರಣೆಗಳು ಎಫ್‌ಎಫ್‌ಎಂಪೆಗ್‌ಗೆ ಮರಳಿದವು. ಆ ಕಾಲದ ಟ್ಯುಟೋರಿಯಲ್‌ಗಳಲ್ಲಿ "ಎಫ್‌ಎಫ್‌ಎಂಪೆಗ್ ನಿಂತುಹೋಗಿದೆ" ಎಂದಿರುತ್ತದೆ. ಅದನ್ನು ಪದಪಟ್ಟಿಗೆ ಎತ್ತಿಕೊಳ್ಳಬೇಡಿ.

ಮುದ್ರೆ:
ಪದಪಟ್ಟಿಯಲ್ಲಿ ಇನ್ನೂ ಬಾರದ ಕಾರಣ ಟ್ರೇಡ್‌ಮಾರ್ಕ್. ಸ್ವತಂತ್ರ ಲೈಸೆನ್ಸ್ ಕೋಡನ್ನು ಕೊಡುತ್ತದೆ, ಹೆಸರನ್ನು ಕೊಡುವುದಿಲ್ಲ. ವಿಚಿತ್ರ ಎನಿಸುವ ಬಹಳಷ್ಟು ಹೆಸರುಗಳು ಹುಟ್ಟಿದ್ದು ಇಲ್ಲಿ.

ಫೈರ್‌ಫಾಕ್ಸ್ 2002ರಲ್ಲಿ ಫೀನಿಕ್ಸ್ ಆಗಿತ್ತು. ಫೀನಿಕ್ಸ್ ಟೆಕ್ನಾಲಜೀಸ್ ತಕರಾರು ತೆಗೆದ ಮೇಲೆ 2003ರಲ್ಲಿ ಫೈರ್‌ಬರ್ಡ್ ಆಯಿತು. ಫೈರ್‌ಬರ್ಡ್ ಎಂಬ ಸ್ವತಂತ್ರ ಡೇಟಾಬೇಸ್ ಮೊದಲೇ ಇದ್ದುದರಿಂದ ಅವರಿಗೂ ನೋವಾಯಿತು. 2004ರ ಫೆಬ್ರುವರಿಯಲ್ಲಿ, 0.8 ಆವೃತ್ತಿಯಿಂದ, ಫೈರ್‌ಫಾಕ್ಸ್. ಅದು ನರಿಯಲ್ಲ, ಕೆಂಪು ಪಾಂಡಾಗೆ ಇರುವ ಇನ್ನೊಂದು ಹೆಸರು. ಸಿಕ್ಕಿಂನ ರಾಜ್ಯಪ್ರಾಣಿ ಅದೇ. ಲೋಗೋದಲ್ಲಿ ನರಿಯ ಹಾಗೆ ಕಾಣುವುದರಿಂದ "ಬೆಂಕಿ ನರಿ" ಎಂಬ ಅನುವಾದ ಬೇಡ, ಹೆಸರನ್ನು ಹಾಗೇ ಬಿಡಿ. ಡೆಬಿಯನ್‌ನಲ್ಲಿ 2006ರಿಂದ 2016ರವರೆಗೆ ಇದೇ ಬ್ರೌಸರ್ "ಐಸ್‌ವೀಸಲ್". ಲೋಗೋದ ಲೈಸೆನ್ಸ್ ಡೆಬಿಯನ್ ನಿಯಮಕ್ಕೆ ಹೊಂದಲಿಲ್ಲ, ಹೆಸರು ಬಳಸಬೇಕಾದರೆ ಪ್ಯಾಚ್‌ಗಳಿಗೆ ಮೊಜಿಲ್ಲಾ ಒಪ್ಪಿಗೆ ಬೇಕಿತ್ತು.

ನೆಟ್‌ವರ್ಕ್ ಸಂಚಾರ ನೋಡುವ ಈಥೀರಿಯಲ್ 2006ರಲ್ಲಿ ವೈರ್‌ಶಾರ್ಕ್ ಆದದ್ದು, ಅದನ್ನು ಬರೆದವರು ಕೆಲಸ ಬದಲಿಸಿದಾಗ ಹೆಸರು ಹಳೆಯ ಕಂಪನಿಯಲ್ಲೇ ಉಳಿದದ್ದರಿಂದ. ತಂತ್ರಾಂಶ ಕಟ್ಟಿ ಪರೀಕ್ಷಿಸುವ ಕೆಲಸವನ್ನು ತಾನಾಗಿ ಮಾಡುವ ಹಡ್ಸನ್ 2011ರಲ್ಲಿ ಜೆಂಕಿನ್ಸ್ ಆದದ್ದರ ಹಿಂದೆಯೂ ಹೆಸರಿನ ಒಡೆತನದ ಜಗಳ.

ಲ್ಯಾಬ್‌ಗಳಿಗೆ ಹೆಚ್ಚು ತಟ್ಟುವುದು ಓಪನ್‌ಆಫೀಸ್. 2010ರ ಸೆಪ್ಟೆಂಬರ್ 28ರಂದು ಡಾಕ್ಯುಮೆಂಟ್ ಫೌಂಡೇಷನ್ ಲಿಬ್ರೆಆಫೀಸ್ ಘೋಷಿಸಿತು. ಕೆಲಸ ಮಾಡುತ್ತಿದ್ದ ಬಹುತೇಕರು ಅತ್ತ ನಡೆದರು. "ಓಪನ್‌ಆಫೀಸ್" ಎಂಬ ಪ್ರಸಿದ್ಧ ಹೆಸರು ಒರಾಕಲ್ ಬಳಿ ಉಳಿದು, 2011ರಲ್ಲಿ ಅಪಾಚಿಗೆ ಹೋಯಿತು. ಅಲ್ಲಿ 2014ರ 4.1 ಆದಮೇಲೆ ಬಂದದ್ದೆಲ್ಲ ಸಣ್ಣ ದುರಸ್ತಿ. ಹೆಸರು ನೆನಪಿಟ್ಟುಕೊಂಡು ಹುಡುಕುವವರು ಹಳೆಯದನ್ನೇ ಇಳಿಸಿಕೊಳ್ಳುತ್ತಾರೆ. ಪದಪಟ್ಟಿಯಲ್ಲಿ "ಓಪನ್‌ಆಫೀಸ್: ಲಿಬ್ರೆಆಫೀಸ್ ನೋಡಿ" ಎಂದೇ ಬರೆಯಿರಿ.

ಪೊಟ್ಟಣ:
ಅದಕ್ಕೆ ಒಂದು ಸೇರ್ಪಡೆ. ಲಿಬ್ರೆಆಫೀಸ್‌ನ ಒಳಗಿನ ಪ್ರೋಗ್ರಾಂ ಇನ್ನೂ "ಎಸ್‌ಆಫೀಸ್". ಆ "ಎಸ್" 1999ರಲ್ಲಿ ಸನ್ ಕೊಂಡ ಸ್ಟಾರ್‌ಆಫೀಸ್‌ನದು. ಟಾಸ್ಕ್ ಪಟ್ಟಿಯಲ್ಲಿ "ಎಸ್‌ಆಫೀಸ್.ಬಿನ್" ಕಂಡು ವೈರಸ್ ಎಂದು ತೆಗೆಯಬೇಡಿ. ಸೆಟ್ಟಿಂಗ್ಸ್ ಇರುವ ಫೋಲ್ಡರಿನ ಹೆಸರು "ಲಿಬ್ರೆಆಫೀಸ್" ಒಳಗೆ "4". ಆವೃತ್ತಿ 7 ಇರಲಿ, 24.2 ಇರಲಿ, ಅದು 4 ಆಗಿಯೇ ಇರುತ್ತದೆ. ಹಳೆಯ ಆವೃತ್ತಿಯ ಕಸ ಎಂದು ಅಳಿಸಿದರೆ ನೀವು ಸೇರಿಸಿದ ಪದಗಳ ನಿಘಂಟು, ಮ್ಯಾಕ್ರೋ, ಟೆಂಪ್ಲೇಟ್ ಎಲ್ಲ ಹೋಗುತ್ತವೆ.

ಕಾಗುಣಿತ:
ಇಂಗ್ಲಿಷಿನಲ್ಲಿ ಹೆಸರನ್ನು ಹೇಗೆ ಉಚ್ಚರಿಸಬೇಕು ಎಂದು ತೀರ್ಮಾನಿಸದೆಯೇ ಬರೆದುಬಿಡಬಹುದು. ಕನ್ನಡದಲ್ಲಿ ಅದು ಸಾಧ್ಯವಿಲ್ಲ, ಬರೆದ ಕೂಡಲೇ ಉಚ್ಚಾರ ನಿಂತುಬಿಡುತ್ತದೆ. "ನೂ", "ಜಿಎನ್‌ಯು" ಬೇಡ; ಗ್ನೂ ಒಂದೇ ಉಸಿರಿನ ಪದ. ಅಗ್ನಿ, ಲಗ್ನ ಎನ್ನುವವರಿಗೆ ಗ್ನ ಕಷ್ಟವಲ್ಲ. ಜಿಂಪ್ ಅಲ್ಲ, ಗಿಂಪ್. "ಟೆಕ್ಸ್" ಅಲ್ಲ, ಟೆಕ್; ಕೊನೆಯದು ಗ್ರೀಕ್ ಅಕ್ಷರ ಖೈ. ಎನ್‌ಜಿಐಎನ್‌ಎಕ್ಸ್ ಎಂಬ ಅಕ್ಷರಗಳನ್ನು ಓದುವುದು ಎಂಜಿನ್-ಎಕ್ಸ್ ಎಂದು. ಮೂರನೇ ಕಾಲಂ ಪಕ್ಕ ಉಚ್ಚಾರದ ಕಾಲಂ ಇರಲಿ.

ಕನ್ನಡ ಬೇಕೆಂದು ಹುಡುಕುವವರಿಗೆ ಕನ್ನಡ ಎಂಬ ಹೆಸರಿನಲ್ಲಿ ಸಿಗುವುದು ಕಡಿಮೆ. ಫಾಂಟ್ ಬೇಕಾದರೆ "ಫಾಂಟ್ಸ್-ಕೆಎನ್‌ಡಿಎ": ಇದು ಲಿಪಿಯ ನಾಲ್ಕಕ್ಷರದ ಸಂಕೇತ. ಲಿಬ್ರೆಆಫೀಸಿನ ಕನ್ನಡ ಮೆನುಗೆ "ಕೆಎನ್": ಭಾಷೆಯ ಎರಡಕ್ಷರದ ಸಂಕೇತ. ಪುಟ ಸ್ಕ್ಯಾನ್ ಮಾಡಿ ಅಕ್ಷರ ತೆಗೆಯುವ ಟೆಸ್ಸರಾಕ್ಟ್‌ಗೆ "ಕೆಎಎನ್": ಭಾಷೆಯದ್ದೇ ಮೂರಕ್ಷರದ ಸಂಕೇತ. ಟೆಸ್ಸರಾಕ್ಟ್‌ನಲ್ಲಿ ಲಿಪಿಗಾಗಿ ಮಾಡಿದ ಇನ್ನೊಂದು ಮಾದರಿ ಇದೆ, ಅದರ ಹೆಸರಿನ ಕೊನೆಗೆ "ಸ್ಕ್ರಿಪ್ಟ್-ಕೆಎನ್‌ಡಿಎ". ಕನ್ನಡ ಲಿಪಿಯ ತುಳು, ಕೊಂಕಣಿ ಪುಟಗಳಿಗೆ ಅದನ್ನೂ ಓಡಿಸಿ ಹೋಲಿಸಿ ನೋಡಿ. ಫಾಂಟ್ ಪ್ಯಾಕೇಜ್ ಹಾಕಿದರೆ ಗುಬ್ಬಿ, ನವಿಲು ಜೊತೆ "ಲೋಹಿತ್" ಬರುತ್ತದೆ. ಸಂಸ್ಕೃತದಲ್ಲಿ ಕೆಂಪು, ಬಿಡುಗಡೆ ಮಾಡಿದ್ದು ರೆಡ್ ಹ್ಯಾಟ್.

ಕೀಬೋರ್ಡ್ ಪ್ಯಾಕೇಜ್ "ಐಬಸ್-ಎಂ17ಎನ್". ಇಂಗ್ಲಿಷಿನ "ಮಲ್ಟಿಲಿಂಗ್ವಲೈಸೇಷನ್" ಪದದ ಮೊದಲ ಮತ್ತು ಕೊನೆಯ ಅಕ್ಷರಗಳ ನಡುವೆ 17 ಅಕ್ಷರಗಳಿವೆ, ಅಷ್ಟೇ ಆ ಸಂಖ್ಯೆಯ ಅರ್ಥ. ಒಳಗೆ "ಕೆಜಿಪಿ" ಎಂದಿರುವುದನ್ನು ಆರಿಸಬೇಕು. ಅದು ಕನ್ನಡ ಗಣಕ ಪರಿಷತ್ತಿನ ವಿನ್ಯಾಸ. ಐಬಸ್ ಇಲ್ಲದೆ ಡೆಸ್ಕ್‌ಟಾಪ್ ಸೆಟ್ಟಿಂಗ್ಸ್‌ನಿಂದ ಹಾಕಿದರೆ ಅದೇ ವಿನ್ಯಾಸದ ಹೆಸರು "ಕಗಪ". ಹಿಂದಿ, ತೆಲುಗು, ಮರಾಠಿ, ಸಂಸ್ಕೃತದ ಪಟ್ಟಿಯಲ್ಲೂ "ಕಗಪ" ಕಾಣುತ್ತದೆ. ಕನ್ನಡದ ವಿನ್ಯಾಸವನ್ನು ಆ ಭಾಷೆಗಳಿಗೆ ಹೊಂದಿಸಿದಾಗ ಹೆಸರೂ ಜೊತೆಗೆ ಹೋಯಿತು. "ಕಗಪ ಆರಿಸಿದೆ, ದೇವನಾಗರಿ ಬರುತ್ತಿದೆ" ಎಂಬ ದೂರಿಗೆ ಕಾರಣ ಇದೇ. ಪಟ್ಟಿಯಲ್ಲಿ ಭಾಷೆಯ ಹೆಸರನ್ನು ಮೊದಲು ಓದಬೇಕು.

ಪದಪಟ್ಟಿ:
ಎಲ್ಲರಿಗೂ ಧನ್ಯವಾದ. "ಆದೇಶ" ಮತ್ತು "ಉಚ್ಚಾರ" ಎಂದು ಎರಡು ಕಾಲಂ ಸೇರಿಸಿದೆ, ಸತ್ತ ವಿಸ್ತಾರಗಳನ್ನು ತೆಗೆದೆ. ಒಂದು ಪ್ರಶ್ನೆ: ಪಟ್ಟಿಯಲ್ಲಿ ಇಲ್ಲದ ಆದೇಶದ ಹಿಂದೆ ಏನಿದೆ ಎಂದು ಲ್ಯಾಬಿನವರೇ ನೋಡಿಕೊಳ್ಳಲು ಯಾವ ಹೆಜ್ಜೆಗಳನ್ನು ಬರೆಯಲಿ?

ಪೊಟ್ಟಣ:
ಡೆಬಿಯನ್, ಉಬುಂಟುಗಳಿಗೆ ಮೂರು ಹೆಜ್ಜೆ ಸಾಕು. ಮೊದಲು "ಟೈಪ್" ಆದೇಶಕ್ಕೆ ಹೆಸರು ಕೊಡಿ. ಅಲಿಯಾಸ್ (ಆದೇಶಕ್ಕೆ ಇಟ್ಟ ಅಡ್ಡಹೆಸರು) ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಅದು ಕೊಟ್ಟ ಪಾತನ್ನು (ಫೈಲಿನ ಪೂರ್ತಿ ವಿಳಾಸವನ್ನು) "ರೀಡ್‌ಲಿಂಕ್"ಗೆ ಚಿಕ್ಕ ಎಫ್ ಆಯ್ಕೆಯೊಂದಿಗೆ ಕೊಡಿ. ಲಿಂಕ್‌ಗಳನ್ನೆಲ್ಲ ದಾಟಿ ನಿಜವಾದ ಫೈಲು ತೋರಿಸುತ್ತದೆ. ಆ ಫೈಲನ್ನು "ಡಿಪಿಕೆಜಿ"ಗೆ ದೊಡ್ಡ ಎಸ್ ಆಯ್ಕೆಯೊಂದಿಗೆ ಕೊಟ್ಟರೆ ಪ್ಯಾಕೇಜಿನ ಹೆಸರು, ಅದನ್ನು "ಆಪ್ಟ್ ಷೋ"ಗೆ ಕೊಟ್ಟರೆ ವಿವರಣೆ ಮತ್ತು ಮೂಲ ಯೋಜನೆಯ ವಿಳಾಸ.

ಎಡವುವುದು ಮೂರನೆಯದರಲ್ಲಿ. ಡೆಬಿಯನ್ 12ರಲ್ಲಿ ಬಿನ್ ಫೋಲ್ಡರ್ ಯೂಎಸ್‌ಆರ್ ಒಳಗಿನ ಬಿನ್‌ಗೆ ಲಿಂಕ್. ಆದರೆ ಎಲ್‌ಎಸ್‌ನಂಥ ಹಳೆಯ ಆದೇಶಗಳು ಪ್ಯಾಕೇಜ್ ದಾಖಲೆಯಲ್ಲಿ ಹಳೆಯ ಪಾತ್‌ನಲ್ಲೇ ಇವೆ. ಪೂರ್ತಿ ಪಾತ್ ಕೊಟ್ಟರೆ "ಅಂಥ ಫೈಲಿಲ್ಲ" ಎನ್ನುತ್ತದೆ. ಮುಂದಿನ ಸ್ಲ್ಯಾಷ್ ಬಿಟ್ಟು "ಬಿನ್/ಎಲ್‌ಎಸ್" ಎಂದಷ್ಟೇ ಕೊಡಿ, ಸಿಗುತ್ತದೆ.

ದತ್ತಕೋಠಿ:
ಪೈಥಾನ್ ಪಾಠಕ್ಕೂ ಒಂದು ಪುಟ ಇಡಿ. ಪೈಥಾನ್ ಲೈಬ್ರರಿ ಇಳಿಸಿ ಹಾಕುವ ಪಿಪ್‌ಗೆ ಕೊಡುವ ಹೆಸರು ಮತ್ತು ಪ್ರೋಗ್ರಾಂನಲ್ಲಿ ಇಂಪೋರ್ಟ್ ಮಾಡುವ ಹೆಸರು ಬೇರೆ ಇರುತ್ತವೆ: ಪಿಲ್ಲೋ ಹಾಕಿ ಪಿಐಎಲ್, ಪೈಯಾಮಲ್ ಹಾಕಿ ಯಾಮಲ್, ಓಪನ್‌ಸಿವಿ-ಪೈಥಾನ್ ಹಾಕಿ ಸಿವಿ2. ಆ 2 ಆವೃತ್ತಿಯಲ್ಲ. ಓಪನ್‌ಸಿವಿ 4ರಲ್ಲೂ ಅದೇ. ಸೈಕಿಟ್-ಲರ್ನ್‌ಗೆ ಇಂಪೋರ್ಟ್ ಹೆಸರು "ಎಸ್‌ಕೆಲರ್ನ್", ಆದರೆ ಪಿಪ್‌ಗೆ ಅದೇ ಹೆಸರು ಕೊಟ್ಟರೆ ದೋಷ ಬರುತ್ತದೆ. ದೋಷ ಕಂಡ ವಿದ್ಯಾರ್ಥಿ ಹೋಲುವ ಬೇರೆ ಹೆಸರುಗಳನ್ನು ಒಂದೊಂದಾಗಿ ಪ್ರಯತ್ನಿಸಲು ಬಿಡಬೇಡಿ. ಹೋಲುವ ಹೆಸರಿನಲ್ಲಿ ಕೆಟ್ಟ ಕೋಡ್ ಇಟ್ಟು ಕಾಯುವವರಿದ್ದಾರೆ. ಹೆಸರನ್ನು ಯೋಜನೆಯ ಸ್ವಂತ ದಸ್ತಾವೇಜಿನಿಂದಲೇ ನಕಲು ಮಾಡಿಕೊಳ್ಳಲಿ.

ಮುದ್ರೆ:
ಇದನ್ನು ಓದುವವರಲ್ಲಿ ಕನ್ನಡದ ಹೊಸ ಉಪಕರಣ ಕಟ್ಟುವವರೂ ಇರುತ್ತಾರೆ, ಅವರಿಗೆ ಎರಡು ಮಾತು. ಡೆಬಿಯನ್ ಪ್ಯಾಕೇಜ್ ಹೆಸರಿನಲ್ಲಿ ಇಂಗ್ಲಿಷ್ ಚಿಕ್ಕಕ್ಷರ, ಅಂಕಿ, ಪ್ಲಸ್, ಹೈಫನ್, ಚುಕ್ಕಿ ಮಾತ್ರ ನಡೆಯುತ್ತವೆ. ಕನ್ನಡ ಲಿಪಿ ನಡೆಯುವುದಿಲ್ಲ. ಆದ್ದರಿಂದ ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗಲೂ ಒಂದೇ ರೀತಿ ಓದಬಹುದಾದ ಪದ ಆರಿಸಿ. ಕಾಡು, ಕಡು, ಕಾದು ಮೂರೂ ಅಲ್ಲಿ ಒಂದೇ ಆಗಿಬಿಡುತ್ತವೆ. ಗುಬ್ಬಿ, ನವಿಲು ಪದಗಳಿಗೆ ಆ ತೊಂದರೆಯಿಲ್ಲ. ಹೆಸರು ಸಾರುವ ಮೊದಲು ಡೆಬಿಯನ್ ಪ್ಯಾಕೇಜ್ ಹುಡುಕಾಟ, ಪೈಥಾನ್ ಪ್ಯಾಕೇಜುಗಳ ಪೈಪಿಐ, ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಎನ್‌ಪಿಎಂ ನೋಡಿ. ನಂತರ ಭಾರತದ ಟ್ರೇಡ್‌ಮಾರ್ಕ್ ನೋಂದಣಿಯ ಸಾರ್ವಜನಿಕ ಹುಡುಕಾಟದಲ್ಲಿ ತಂತ್ರಾಂಶಕ್ಕೆ ವರ್ಗ 9, ತಂತ್ರಾಂಶ ಸೇವೆಗೆ ವರ್ಗ 42 ಹಾಕಿ. ಪದದಿಂದ ಹುಡುಕಿದ ಮೇಲೆ ಧ್ವನಿಯಿಂದ ಹುಡುಕುವ ಆಯ್ಕೆಯನ್ನೂ ಬಳಸಿ, ಏಕೆಂದರೆ ಕಾಗುಣಿತ ಬೇರೆಯಾಗಿದ್ದರೂ ಕಿವಿಗೆ ಒಂದೇ ಆದರೆ ತಕರಾರು ಬರುತ್ತದೆ.

ಕಾಗುಣಿತ:
ಪದಪಟ್ಟಿಯವರೇ, ಹೊಸ ಕರಡಿನಲ್ಲಿ "ಸಾಂಬಾ" ನಮೂದಿನ ಪಕ್ಕ "ಬ್ರೆಜಿಲ್ ನೃತ್ಯದಿಂದ ಬಂದ ಹೆಸರು" ಎಂದಿದೆ. ಅದೂ ಹಾಗಲ್ಲ. ಸಾಂಬಾ ಬರೆದ ಆಂಡ್ರ್ಯೂ ಟ್ರಿಜೆಲ್‌ಗೆ "ಎಸ್‌ಎಂಬಿ ಸರ್ವರ್" ಎಂಬ ಮೊದಲಿನ ಹೆಸರು ಬಿಡಬೇಕಾಗಿ ಬಂದಾಗ, ಎಸ್, ಎಂ, ಬಿ ಇದೇ ಕ್ರಮದಲ್ಲಿರುವ ಪದಗಳನ್ನು ನಿಘಂಟಿನ ಫೈಲಿನಲ್ಲಿ ಗ್ರೆಪ್ ಎಂಬ ಆದೇಶದಿಂದ ಹುಡುಕಿ ಆರಿಸಿದ್ದು. "ವಿಂಡೋಸ್ ಯಂತ್ರಗಳ ಜೊತೆ ಫೈಲು, ಪ್ರಿಂಟರ್ ಹಂಚಿಕೊಳ್ಳುವ ಎಸ್‌ಎಂಬಿ ಪ್ರೋಟೋಕಾಲ್‌ನಿಂದ" ಎಂದು ತಿದ್ದಿ.